ಹಿಂಡಿದ ಕೈ

ಮೊದಲು ಜಹೀದಾಳಿಗೆ ಅದು ಸಿಕ್ಕು ರೇಷ್ಮೆಯ ಮುದ್ದೆಯ ಹಾಗೆ ಕಂಡಿತು.

ಬೆಳಗ್ಗೆ ಆರೂವರೆ. ಬಾಯ್ಲರಿಗೆ ಬೆಂಕಿ ಹಾಕಿ ಅರ್ಧ ಗಂಟೆಯಾಗಿತ್ತು. ಶೆಡ್ಡಿನೊಳಗೆ ಹಬೆ ತುಂಬಿ ಟ್ಯೂಬ್‌ಲೈಟಿನ ಬೆಳಕು ಮಬ್ಬಾಗಿತ್ತು. ನೂಲು ಬಿಚ್ಚುವ ಉಳಿದ ಹೆಂಗಸರು ಇನ್ನೂ ಬಂದಿರಲಿಲ್ಲ. ಅವಳು ಗೂಡು ಬಿಚ್ಚುವ ಬಿಸಿನೀರಿನ ಬೇಸಿನ್ನಿನ ಪಕ್ಕ, ಒದ್ದೆ ನೆಲದ ಮೇಲೆ, ಕಂದು ಬಣ್ಣದ ಮುದ್ದೆಯೊಂದು ಬಿದ್ದಿತ್ತು. ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಸಿಕ್ಕಿನೊಳಗೆ ಬೆಂದ ಹುಳು ಸೇರಿಕೊಂಡರೆ ಹಾಗೇ ಕಾಣುತ್ತದೆ. ಅದನ್ನು ನೆಲದಲ್ಲಿ ಬಿಡುವಂತಿಲ್ಲ, ಕಾಲಿಗೆ ಸಿಕ್ಕಿ ಜಾರುತ್ತದೆ. ಎತ್ತಿ, ನೀರು ಹಿಂಡಿ, ಗೋಡೆ ಪಕ್ಕದ ಗೋಣಿಚೀಲಕ್ಕೆ ಹಾಕಬೇಕು. ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಹತ್ತಾರು ಸಲ ಮಾಡಿದ ಕೆಲಸ. ಕಣ್ಣು ನೋಡುವ ಮೊದಲೇ ಕೈ ಮಾಡಿ ಮುಗಿಸುವ ಕೆಲಸ.

ಎತ್ತಿದಳು. ಹಿಂಡಿದಳು.

ಮುದ್ದೆ ಕಿರ್ರೆಂದಿತು. ಅಂಗೈಯೊಳಗೆ ತೆಳುವಾದ ಕಡ್ಡಿಗಳಂಥವು ಮಿಸುಕಾಡಿದವು. ಬೆರಳ ತುದಿಯಲ್ಲಿ ಚುರ್ ಎಂದಿತು, ಅಥವಾ ಹಾಗೆ ಅನ್ನಿಸಿತು. ಅವಳು ಕೈ ಕೊಡವಿದಳು. ನೆಲಕ್ಕೆ ಬಿದ್ದದ್ದು ನಿಧಾನವಾಗಿ ರೆಕ್ಕೆ ಬಿಚ್ಚಿತು. ಒದ್ದೆಯಾದ, ಪುಟ್ಟ ಬಾವಲಿ.

ಜಹೀದಾ ಕೂಡಲೇ ತನ್ನ ಬಲಗೈ ನೋಡಿಕೊಂಡಳು. ನೋಡಿ ಪ್ರಯೋಜನವಾಗಲಿಲ್ಲ. ಬಿಸಿನೀರಿನಲ್ಲಿ ದಿನವಿಡೀ ಗೂಡಿನ ಎಳೆ ಹುಡುಕುವವರ ಬೆರಳು ಬೇರೆಯವರ ಬೆರಳಿನಂತಿರುವುದಿಲ್ಲ. ತುದಿಗಳು ಬೆಳ್ಳಗೆ ಉಬ್ಬಿದ್ದವು, ಚರ್ಮ ಪದರ ಪದರವಾಗಿ ಎದ್ದಿತ್ತು, ಗೆಣ್ಣುಗಳ ಸುತ್ತ ಕೆಂಪು ಬಿರುಕುಗಳಿದ್ದವು. ಕೆಲವು ಹಳೆಯವು, ಕೆಲವು ನಿನ್ನೆಯವು. ತೋರುಬೆರಳಿನ ಬದಿಯಲ್ಲಿ ಒಂದು ಚುಕ್ಕೆ ರಕ್ತ. ಅದು ಬಾವಲಿಯ ಹಲ್ಲಿನದೋ, ಹಿಂಡುವಾಗ ಬಾಯಿಬಿಟ್ಟ ಹಳೆಯ ಬಿರುಕಿನದೋ? ಒತ್ತಿ ನೋಡಿದಳು. ಎಲ್ಲ ಬಿರುಕೂ ಒಂದೇ ಥರ ಉರಿಯಿತು.

"ಅಯ್ಯೋ, ಅದೇನಕ್ಕ ಅದು!"

ಬಾಗಿಲಲ್ಲಿ ಬೋರಮ್ಮ. ಪಕ್ಕದ ಬೇಸಿನ್ನಿನವಳು. ಕನಕಪುರದ ಕಡೆಯ ಹಳ್ಳಿಯಿಂದ ದಿನವೂ ಮೊದಲ ಬಸ್ಸಿಗೆ ಬರುವವಳು.

"ಬಾವಲಿ," ಎಂದಳು ಜಹೀದಾ. ಕೈ ತಾನಾಗಿ ದುಪಟ್ಟಾದೊಳಗೆ ಹೋಗಿತ್ತು.

"ಮುಟ್ಬುಟ್ಟೀಯೆ ಕಣಕ್ಕ! ಅದ್ರಿಂದ್ಲೇ ಅಂತೆ ಕೇರಳದಲ್ಲಿ ಜನ ಸತ್ತಿದ್ದು. ಮೊಬೈಲ್ನಾಗೆ ಬಂದಿತ್ತು."

ಬೋರಮ್ಮನ ಕೂಗಿಗೆ ಬಾಯ್ಲರ್ ಕಡೆಯಿಂದ ಶೆಡ್ಡಿನ ಮಾಲೀಕ ಗಫಾರ್ ಬಂದ. ಲುಂಗಿಗೆ ಕೈ ಒರೆಸಿಕೊಳ್ಳುತ್ತ ಒಮ್ಮೆ ಬಾವಲಿಯನ್ನು, ಒಮ್ಮೆ ಇವರಿಬ್ಬರನ್ನು ನೋಡಿದ.

"ಇಷ್ಟಕ್ಕೆ ಇಷ್ಟು ಗಲಾಟೆನಾ? ಪೊರಕೆ ತಗೊಂಡ್ ಬಾ ಬೋರಮ್ಮ. ಬಾಯ್ಲರಿಗೆ ಹಾಕಿದ್ರೆ ಮುಗೀತು."

"ಬಾಯ್ಲರ್ಗಾ? ಅದ್ರ ಹೊಗೆ ಯಾರು ಕುಡಿಯೋರು, ನಿಮ್ಮ ಬೀಗ್ರಾ?"

"ಹಂಗಾದ್ರೆ ಚರಂಡಿಗೆ ತಳ್ಳು."

"ಪೊರಕೆ ಬೇಡ ಭಾಯ್," ಎಂದಳು ಜಹೀದಾ. "ಜೀವ ಐತೆ ಅದಕ್ಕೆ."

ಹೇಳಿ, ಗೂಡು ತುಂಬುವ ಬುಟ್ಟಿಯೊಂದನ್ನು ತಂದು ಅದರ ಮೇಲೆ ಬೋರಲು ಹಾಕಿದಳು. ಕರುಣೆಯಿಂದ ಹಾಗೆ ಮಾಡಿದಳೆಂದರೆ ಪೂರ್ತಿ ನಿಜವಲ್ಲ. ಬಟ್ಟೆ ಹಿಂಡುವ ಹಾಗೆ ಅದನ್ನು ಹಿಂಡಿದ್ದಳು. ಈಗ ಅದು ಸತ್ತರೆ ತನ್ನ ಕೈಯಿಂದಲೇ ಸತ್ತ ಹಾಗೆ. ಬದುಕಿದರೆ ತಾನೂ ಬದುಕುತ್ತೇನೆ ಎಂಬ, ಯಾರಿಗೂ ಹೇಳಲಾಗದ ಒಂದು ಲೆಕ್ಕವೂ ಆ ಕ್ಷಣದಲ್ಲಿ ಮನಸ್ಸಿನೊಳಗೆ ಸೇರಿಕೊಂಡಿತು.

ನಂಬರು ಇದ್ದದ್ದು ಬೋರಮ್ಮನ ಫೋನಿನಲ್ಲಿ. ಹೋದ ವರ್ಷ ಅವಳ ಮನೆಯ ಸೌದೆಯೊಳಗೆ ಹಾವು ಸೇರಿದಾಗ ಚನ್ನಪಟ್ಟಣದಿಂದ ಅನಂತರಾಜು ಎಂಬಾತ ಬಂದು ಹಿಡಿದಿದ್ದ. ಹಾವು, ಹದ್ದು, ಏಟು ತಿಂದ ಕೋತಿ, ಯಾವುದಕ್ಕೂ ಬರುತ್ತಾನೆ ಎಂದಳು. ಸ್ಪೀಕರ್ ಹಾಕಿ ಫೋನನ್ನು ಬೇಸಿನ್ನಿನ ಕಟ್ಟೆಯ ಮೇಲಿಟ್ಟಳು.

"ಬರಿಗೈಲಿ ಯಾರೂ ಮುಟ್ಟಬೇಡಿ ಅಕ್ಕ," ಅನಂತರಾಜು ಮೊದಲು ಹೇಳಿದ್ದೇ ಅದು. "ದಪ್ಪ ಟವೆಲ್ ಐತಾ? ಮೇಲಿಂದ ಮೆತ್ತಗೆ ಹಾಕಿ, ಟವೆಲ್ ಸಮೇತ ಎತ್ತಿ. ಅದುಮಬೇಡಿ. ರೆಕ್ಕೆ ಮೂಳೆ ಊದುಬತ್ತಿ ಕಡ್ಡಿಗಿಂತ ಸಣ್ಣ ಇರ್ತದೆ."

ಜಹೀದಾ ನೆಲ ನೋಡಿದಳು.

"ರಟ್ಟಿನ ಡಬ್ಬದೊಳಗೆ ಇಡಿ. ಗಾಳಿಗೆ ಸೂಜಿಲಿ ತೂತು ಮಾಡಿ. ಮುಚ್ಚಳಕ್ಕೆ ಟೇಪ್ ಹಾಕಿ, ಸಣ್ಣ ಸಂದಿ ಸಿಕ್ಕಿದ್ರೂ ನುಸುಳ್ತದೆ. ಒಳಗೆ ಒಂದು ಬಟ್ಟೆ ಇಳಿಬಿಡಿ, ಹಿಡ್ಕೊಂಡು ನೇತಾಡ್ಲಿ. ಬಾಟ್ಲಿ ಮುಚ್ಚಳದಲ್ಲಿ ಒಸಿ ನೀರು. ಹಾಲು ಗೀಲು ಏನೂ ಬೇಡ."

"ಬಾಳೆಹಣ್ಣು?" ಬೋರಮ್ಮ ಕೇಳಿದಳು.

"ಸಣ್ಣದು ಅಂದ್ರಲ್ಲ, ಅದು ಸೊಳ್ಳೆ ಹುಳ ತಿನ್ನೋದು ಕಣಕ್ಕ."

"ನಮ್ಮ ಯಜಮಾನ್ರಿಗಿಂತ ವಾಸಿ ಬುಡು, ಸೊಳ್ಳೆನಾದ್ರೂ ತಿಂತದೆ."

ಆ ಕಡೆ ಅನಂತರಾಜು ನಗಲಿಲ್ಲ. "ಒಂದು ವಿಷ್ಯ ನಿಜ ಹೇಳಿ. ಯಾರಾದ್ರೂ ಆಗ್ಲೇ ಮುಟ್ಟಿದ್ದೀರಾ?"

"ನಮಗೇನ್ ಹುಚ್ಚಾ ಮುಟ್ಟೋಕೆ?" ಎಂದ ಗಫಾರ್, ಜೋರಾಗಿ.

"ನೀನು ಅಕ್ಕ? ನೀನೇ ತಾನೆ ಮೊದ್ಲು ನೋಡಿದ್ದು?" ಬೋರಮ್ಮ ಜಹೀದಾಳ ಕಡೆ ತಿರುಗಿದಳು.

"ಇಲ್ಲ," ಎಂದಳು ಜಹೀದಾ.

"ಸರಿ," ಎಂದ ಅನಂತರಾಜು. "ಮುಟ್ಟಿದ್ರೆ ಸೋಪು ಹಾಕಿ ನಲ್ಲಿ ಕೆಳಗೆ ಕಾಲು ಗಂಟೆ ತೊಳೀಬೇಕು, ಅವತ್ತೇ ಇಂಜೆಕ್ಷನ್ ತಗೋಬೇಕು. ನಾಯಿ ಕಚ್ಚಿದ್ರೆ ಕೊಡ್ತಾರಲ್ಲ, ಅದೇ. ಇದರ ಹಲ್ಲು ಸೂಜಿ ಥರ, ಕಚ್ಚಿದ ಗುರುತೇ ಕಾಣಲ್ಲ. ಎಲ್ಲಾ ಬಾವಲಿಗೂ ರೋಗ ಇರ್ತದೆ ಅಂತಲ್ಲ. ಆದ್ರೆ ಆ ರೋಗ ಬಂದ ಮೇಲೆ ಔಷಧಿ ಇಲ್ಲ."

ಬೋರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

ಆ 'ಇಲ್ಲ' ಎಷ್ಟು ಸಲೀಸಾಗಿ ಬಂದಿತ್ತೆಂದು ಜಹೀದಾಳಿಗೇ ಆಶ್ಚರ್ಯವಾಯಿತು. ಯೋಚಿಸಿ ಆಡಿದ ಸುಳ್ಳಲ್ಲ ಅದು. ಸುಟ್ಟಿತಾ ಎಂದರೆ ಇಲ್ಲ, ನೋಯುತ್ತಿದೆಯಾ ಎಂದರೆ ಇಲ್ಲ, ಊಟ ಆಯಿತಾ ಎಂದರೆ ಮಾತ್ರ ಹೂಂ. ಮದುವೆಯಾಗಿ ಬಂದಾಗಿನಿಂದ ಬಾಯಿಗೆ ರೂಢಿಯಾದ ಉತ್ತರಗಳು. ಈಗ ತಿದ್ದಿಕೊಳ್ಳೋಣವೆಂದು ಬಾಯಿ ತೆರೆದಳು. ಬೋರಮ್ಮ ಹಿಂದೆ ಸರಿದು ನಿಂತಿದ್ದ ಜಾಗ ಕಂಡಿತು. ಬಾಯಿ ಮುಚ್ಚಿಕೊಂಡಿತು.

ಟವೆಲಿನಿಂದ ಎತ್ತುವ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ. ಜಹೀದಾ ಗಫಾರನ ದಪ್ಪ ಟವೆಲನ್ನು ಎರಡು ಮಡಿಕೆ ಮಾಡಿ, ಕೈ ಪೂರ್ತಿ ಮುಚ್ಚಿಕೊಂಡು, ಬಿಸಿ ರೊಟ್ಟಿ ಎತ್ತುವಷ್ಟು ಹಗುರವಾಗಿ ಎತ್ತಿದಳು. ಡಬ್ಬದೊಳಗೆ ಇಳಿಬಿಟ್ಟ ಬಟ್ಟೆಯನ್ನು ಬಾವಲಿ ಕಾಲಿನಿಂದ ಹಿಡಿಯಿತು. ಒಂದು ರೆಕ್ಕೆ ಮಡಿಚಿತು. ಇನ್ನೊಂದನ್ನು ಮಡಿಚಲು ಹೊತ್ತು ತೆಗೆದುಕೊಂಡಿತು. ಅದು ಪೂರ್ತಿ ಮಡಿಚುವ ತನಕ ಅವಳು ಉಸಿರು ಬಿಡಲಿಲ್ಲ.

ಆಮೇಲೆ ಹಿತ್ತಲಿನ ನಲ್ಲಿಗೆ ಹೋಗಿ ಬಟ್ಟೆ ಸೋಪು ಹಿಡಿದು ಕೈ ತೊಳೆಯತೊಡಗಿದಳು. ಕಿಟಕಿಯಿಂದ ಗೋಡೆ ಗಡಿಯಾರ ಕಾಣುತ್ತಿತ್ತು. ಸೋಪು ಬಿರುಕುಗಳೊಳಗೆ ಇಳಿದು ಕಣ್ಣಲ್ಲಿ ನೀರು ಬಂತು. ಒಂಬತ್ತನೇ ನಿಮಿಷಕ್ಕೆ ಗಫಾರ್ ಒಳಗಿಂದ ಕೂಗಿದ: "ಏನ್ ಆಪಾ, ಮೆಹೆಂದಿ ಹಾಕೋಕೆ ಹೊರಟ್ಯಾ? ಗೂಡು ಬೆಂದು ಹೋಗ್ತಾ ಐತೆ!" ನಲ್ಲಿ ನಿಲ್ಲಿಸಿ ಒಳಗೆ ಬಂದಳು. ಇನ್ನೂ ಆರು ನಿಮಿಷ ಬಾಕಿ ಇತ್ತು. ಆ ಆರು ನಿಮಿಷ ದಿನವಿಡೀ ಅವಳ ಬೆನ್ನು ಬಿಡಲಿಲ್ಲ.

ಹನ್ನೊಂದಕ್ಕೆ ಅನಂತರಾಜು ಬೈಕಿನಲ್ಲಿ ಬಂದ. ಚರ್ಮದ ಗ್ಲೌಸು ಹಾಕಿಕೊಂಡು ಡಬ್ಬ ತೆರೆದು, ರೆಕ್ಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. "ಮೂಳೆ ಮುರಿದಿಲ್ಲ. ನೀರಿಗೆ ಬಿದ್ದು ನೆಂದು ಸುಸ್ತಾಗೈತೆ. ನೆಲದಿಂದ ಇವಕ್ಕೆ ಹಾರೋಕೆ ಆಗಲ್ಲ, ಎತ್ತರದಿಂದ ಬಿಡಬೇಕು. ಸಂಜೆವರೆಗೂ ನೋಡ್ತೀನಿ, ಚೇತರಿಸಿಕೊಂಡ್ರೆ ಬಿಡ್ತೀನಿ." ಹೊರಡುವಾಗ ಜಹೀದಾಳನ್ನೇ ನೋಡಿ ಕೇಳಿದ, "ಡಬ್ಬ ಚೆನ್ನಾಗಿ ಮಾಡಿದ್ದೀರಿ ಅಕ್ಕ. ಖಂಡಿತ ಮುಟ್ಟಿಲ್ಲ ತಾನೆ?"

ಗಫಾರ್ ಪಕ್ಕದಲ್ಲೇ ನಿಂತಿದ್ದ. ಅವಳು ತಲೆ ಅಲ್ಲಾಡಿಸಿದಳು.

ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಸಿ ಮನೆಗೆ ಹೋದಾಗ ಮಗಳು ಮಹ್ವಿಶ್ ಬಾಗಿಲಲ್ಲೇ ಕಾಯುತ್ತಿದ್ದಳು. ಮೊದಲ ಮಗಳು ಅಸ್ರಾಳನ್ನು ಕನಕಪುರದ ಗಂಡನ ಮನೆಯಲ್ಲೇ ಬಿಟ್ಟು, ಎರಡನೇ ಹೆರಿಗೆಗೆಂದು ಬಂದವಳು. ಮಗು ಜಾರಾಳಿಗೆ ಇಪ್ಪತ್ತೊಂಬತ್ತು ದಿನ. ದಿನವೂ ಈ ಹೊತ್ತಿಗೆ ಜಹೀದಾ ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಅವಳ ಒರಟು ಬೆರಳು ಬೆನ್ನ ಮೇಲೆ ಆಡಿದರೆ ಮಗು ಅಲ್ಲೇ ನಿದ್ದೆ ಹೋಗುತ್ತಿತ್ತು.

"ಎಣ್ಣೆ ಬಿಸಿ ಮಾಡಿದ್ದೀನಿ ಅಮ್ಮಿ. ತಗೋ ನಿನ್ನ ಮೊಮ್ಮಗಳನ್ನ. ಬೆಳಗಿನಿಂದ ರಂಪ."

ಜಹೀದಾ ಹೊಸ್ತಿಲಲ್ಲೇ ನಿಂತಳು. ಕೈಗಳು ದುಪಟ್ಟಾದೊಳಗಿದ್ದವು. "ಇವತ್ತು ನೀನೇ ಹಚ್ಚು ಬೇಟಿ. ಸೊಂಟ ಹಿಡ್ಕೊಂಡಿದೆ."

"ಎತ್ತಿಕೊಳ್ಳೋದಾದ್ರೂ ಎತ್ಕೋ."

"ಆಮೇಲೆ."

ಆಮೇಲೆ ಎನ್ನುವುದು ಬರಲಿಲ್ಲ. ಮಗು ಅತ್ತಾಗ ಜಹೀದಾ ಎದ್ದು ಅಡುಗೆಮನೆಗೆ ಹೋದಳು. ತನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡಳು. ಮಹ್ವಿಶ್ ಹಾಲುಣಿಸಿ ಮಗುವನ್ನು ಚಾಪೆಯ ಮೇಲೆ ಅವಳ ಹತ್ತಿರವೇ ಮಲಗಿಸಿದಾಗ ಜಹೀದಾ ಗೋಡೆಗೆ ಒತ್ತಿ ಕೂತಳು. ಅವಳ ಗಂಡ ತಾಜ್ ಪಾಷಾ ಗೂಡು ನೋಡಲು ಮಾಗಡಿಯ ಕಡೆ ಹೋಗಿದ್ದವನು ನಾಳೆ ಸಂಜೆಗೆ ಬರುವುದಿತ್ತು. ಅವನಿದ್ದರೆ ಹೇಳುತ್ತಿದ್ದೆನೇ ಎಂದು ಕೇಳಿಕೊಂಡಳು. ಇಲ್ಲ.

ಅವಳನ್ನು ನೀರು ಕಾಡತೊಡಗಿತು. ಆ ರೋಗ ಬಂದವರಿಗೆ ನೀರು ಕಂಡರೆ ಆಗದು ಎಂದು ಚಿಕ್ಕಂದಿನಲ್ಲಿ ಕೇಳಿದ್ದಳು. ಒಂದು ಲೋಟ ಕುಡಿದಳು. ಗಂಟಲಲ್ಲಿ ಇಳಿಯಿತು. ಹತ್ತು ನಿಮಿಷ ಬಿಟ್ಟು ಇನ್ನೊಂದು. ಒಂದೇ ದಿನಕ್ಕೆ ಬರುವ ರೋಗವಲ್ಲ ಎಂದು ಬುದ್ಧಿಗೆ ಗೊತ್ತಿತ್ತು, ಆದರೂ ಇಳಿಯುತ್ತದೋ ಇಲ್ಲವೋ ಎಂದು ಪರೀಕ್ಷಿಸದೆ ಇರಲಾಗಲಿಲ್ಲ. ಎಷ್ಟು ದಿನ ಹೀಗೆ ಕುಡಿದು ನೋಡಬೇಕು? ತಿಂಗಳೇ? ವರ್ಷವೇ? ಒಂದು ಮಾತು ಆಡಿದರೆ ಮುಗಿಯುವುದಕ್ಕೆ ಒಂದು ವರ್ಷ ನೀರು ಕುಡಿಯಲು ತಯಾರಾಗಿದ್ದೇನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಸಂಜೆ ಏಳರ ಹೊತ್ತಿಗೆ ಬೋರಮ್ಮ ಫೋನು ಮಾಡಿದಳು. "ಹಾರೋಯ್ತು ಕಣಕ್ಕ! ವಿಡಿಯೋ ಕಳ್ಸವ್ನೆ. ಕೈಯಿಂದ ಮರದ ಮೇಲಕ್ಕೆ ಬುಟ್ಟ, ಒಸಿ ಹೊತ್ತು ಹತ್ಕೊಂಡು ಕೂತಿತ್ತು, ಆಮೇಲೆ ಭರ್ರಂತ ಹೋಯ್ತು. ನಿನ್ನಿಂದ್ಲೇ ಉಳೀತು ಬುಡು."

ಜಹೀದಾಳಿಗೆ ಖುಷಿಯಾಯಿತು. ಅದು ನಿಜ. ಫೋನಿಟ್ಟ ಮೇಲೆ ಎದೆ ತಣ್ಣಗಾಯಿತು. ಆ ಹೊತ್ತು ಶೆಡ್ಡಿನಲ್ಲಿ ಏನಾಯಿತೆಂದು ತನ್ನ ಹೊರತು ಗೊತ್ತಿದ್ದ ಇನ್ನೊಂದು ಜೀವ ಅದೊಂದೇ. ಅದು ಹಾರಿಹೋಗಿತ್ತು.

ಮರುದಿನ ಬೆಳಗ್ಗೆ ಎದ್ದು ಬಂದಾಗ ಮಹ್ವಿಶ್ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಮಗುವಿನ ಟೋಪಿ, ಜೋಲಿಯ ಬಟ್ಟೆ, ಬಿಸಿನೀರಿನ ಫ್ಲಾಸ್ಕು.

"ಎಲ್ಲಿಗೆ?"

"ಕನಕಪುರಕ್ಕೆ."

"ನಲವತ್ತು ದಿನ ಆಗಿಲ್ಲ ಇನ್ನೂ. ಏನಾಯ್ತು?"

"ಏನಾಯ್ತು ಅಂತ ನನ್ನ ಕೇಳ್ತೀಯಾ?" ಮಹ್ವಿಶ್ ತಿರುಗಿದಳು. ರಾತ್ರಿ ಅತ್ತ ಕಣ್ಣು. "ಅಸ್ರಾ ಹುಟ್ಟಿದಾಗ ಅತ್ತೆ ಹತ್ತು ದಿನ ಮುಖ ನೋಡಲಿಲ್ಲ. ಇವಳೂ ಹೆಣ್ಣು ಅಂತ ಗೊತ್ತಾದಾಗ ನೀನೇ ಅಲ್ವಾ ಅಮ್ಮಿ, 'ನನ್ನ ಮನೇಲಿ ಯಾರೂ ಒಂದು ಮಾತು ಆಡಲ್ಲ' ಅಂದಿದ್ದು? ಮಾತು ಆಡಲಿಲ್ಲ, ಸರಿ. ನಿನ್ನೆಯಿಂದ ಒಂದು ಸಲ ಮುಟ್ಟಿಲ್ಲ ನೀನು. ಅತ್ತರೆ ಎದ್ದು ಹೋಗ್ತೀಯ. ತಟ್ಟೆ ಬೇರೆ. ನಮ್ಮಿಂದ ಏನಾದ್ರೂ ಅಂಟುತ್ತಾ?"

"ನಿಮ್ಮಿಂದ ಅಲ್ಲ," ಎಂದಳು ಜಹೀದಾ.

ನಿಂತಲ್ಲೇ ಕೂತಳು. ದುಪಟ್ಟಾದಿಂದ ಕೈ ಹೊರಗೆ ತೆಗೆದು, ಎರಡನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಳು. "ನಿನ್ನೆ ಬಾವಲಿ ಹಿಡಿದುಬಿಟ್ಟೆ. ಸಿಕ್ಕು ಅಂದುಕೊಂಡು ಹಿಂಡಿದೆ. ಕಚ್ಚಿತೋ ಇಲ್ವೋ ಗೊತ್ತಿಲ್ಲ. ಕಚ್ಚಿದ್ರೆ ಇಂಜೆಕ್ಷನ್ ಬೇಕಂತೆ. ಇಲ್ಲ ಅಂದುಬಿಟ್ಟೆ ಎಲ್ಲರ ಮುಂದೆ. ಈ ಕೈಲಿ ಇವಳನ್ನ ಹೇಗೆ ಮುಟ್ಟಲಿ?"

ಮಹ್ವಿಶ್ ಬ್ಯಾಗು ಅಲ್ಲೇ ಬಿಟ್ಟು ಬಂದು ಎದುರಿಗೆ ಕೂತಳು. ಮೊಬೈಲಿನ ಟಾರ್ಚ್ ಹಾಕಿ ಅಮ್ಮನ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ತೋರುಬೆರಳು. ಹೆಬ್ಬೆರಳಿನ ಬುಡ. ಗೆಣ್ಣಿನ ಸಂದು. ಬೆಳಕಿನಲ್ಲಿ ಅವು ಇನ್ನೂ ಕೆಂಪಾಗಿ, ಇನ್ನೂ ಹೆಚ್ಚಾಗಿ ಕಂಡವು.

"ಇದರಲ್ಲಿ ಯಾವುದು ಅಮ್ಮಿ?"

"ಅದೇ ಗೊತ್ತಿಲ್ಲ."

"ಇಷ್ಟಿದ್ದಾವೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದಳು ಮಹ್ವಿಶ್. ಆಮೇಲೆ ಸಿಟ್ಟು ಬಂತು. "ಒಂದು ದಿನ ಪೂರ್ತಿ? ನಾನು ಪಕ್ಕದಲ್ಲೇ ಇದ್ದೆ. ನಾನು ಏನೇನೋ ಅಂದುಕೊಳ್ಳಲಿ ಅಂತ ಬಿಟ್ಟು ನೀರು ಕುಡೀತಾ ಕೂತಿದ್ಯಾ? ಏಳು. ಚಪ್ಪಲಿ ಹಾಕು."

ಆಟೋದಲ್ಲಿ ಮಗು ಮಹ್ವಿಶಳ ಮಡಿಲಲ್ಲಿತ್ತು. ಜಹೀದಾ ಇನ್ನೊಂದು ತುದಿಗೆ ಸರಿದು ಕೂತಿದ್ದಳು. ತಡವಾಯಿತು ಎಂದುಬಿಟ್ಟರೆ? ನಿನ್ನೆಯೇ ಬರಬೇಕಿತ್ತು ಎಂದರೆ? ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯ ಡಬ್ಬಗಳು ಮುಗಿಯುವಂತೆಯೇ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ನಾಯಿ ಕಚ್ಚಿಸಿಕೊಂಡ ನಾಲ್ಕೈದು ಜನ ಮುಂದಿದ್ದರು. ಅವರವರ ಗಾಯ ಅವರಿಗೆ ಗೊತ್ತಿತ್ತು. ಮೀನಖಂಡ, ಮೊಣಕೈ, ತೋರಿಸುತ್ತಿದ್ದರು. ಅವಳ ಸರದಿ ಬಂದಾಗ ಎಳೆಯ ವಯಸ್ಸಿನ ಡಾಕ್ಟರಮ್ಮ ಚೀಟಿಯಿಂದ ತಲೆಯೆತ್ತದೆ ಕೇಳಿದರು, "ಏನು ಕಚ್ಚಿದ್ದು?"

"ಬಾವಲಿ."

ಡಾಕ್ಟರು ತಲೆಯೆತ್ತಿದರು. "ಎಲ್ಲಿ?"

"ಗೊತ್ತಿಲ್ಲ ಮೇಡಂ."

"ಕಚ್ಚಿದ್ದು ನಿಮಗೇ ಗೊತ್ತಾಗಲಿಲ್ವಾ?"

ಹಿಂದೆ ಸಾಲಿನಲ್ಲಿದ್ದವರು ಯಾರೋ ನಕ್ಕರು. ಜಹೀದಾಳ ಬಾಯಿಗೆ ಆ ಹಳೆಯ ಮಾತು ಬಂದೇಬಿಟ್ಟಿತ್ತು: ಇಲ್ಲ, ಕಚ್ಚಿಲ್ಲವೇನೋ, ಬಿಡಿ. ಮಹ್ವಿಶ್ ಬೆನ್ನ ಮೇಲೆ ಕೈಯಿಟ್ಟಳು. ಹೇಳಬೇಕಾದವಳು ತಾನೇ ಎಂದು ಜಹೀದಾಳಿಗೆ ಗೊತ್ತಿತ್ತು.

ಜಹೀದಾ ಎರಡೂ ಕೈಗಳನ್ನು ಡಾಕ್ಟರ ಮೇಜಿನ ಮೇಲೆ, ಚೀಟಿಗಳ ಮೇಲೆಯೇ, ಚಾಚಿ ಇಟ್ಟಳು. "ನಾನು ರೀಲಿಂಗ್ ಕೆಲಸದವಳು. ಬರಿಗೈಲಿ ಹಿಡಿದೆ, ಗಟ್ಟಿಯಾಗಿ ಹಿಂಡಿದೆ. ಚುರ್ ಅಂದಿತು. ಈ ಕೈ ಯಾವಾಗಲೂ ಚುರ್ ಅಂತಲೇ ಇರುತ್ತೆ, ಅದಕ್ಕೇ ಗೊತ್ತಾಗಲಿಲ್ಲ. ತೊಳೆದೆ, ಆದರೆ ಒಂಬತ್ತೇ ನಿಮಿಷ. ನಿನ್ನೆಯೇ ಬರಬೇಕಿತ್ತು, ಬರಲಿಲ್ಲ. ನನಗೆ ಇಂಜೆಕ್ಷನ್ ಕೊಡಿ."

ನಗು ನಿಂತಿತ್ತು. ಡಾಕ್ಟರು ಗ್ಲೌಸು ಹಾಕಿಕೊಂಡು ಅವಳ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಯಾರಿಗೋ ಫೋನು ಮಾಡಿ ಮಾತಾಡಿದರು. ಆಮೇಲೆ ಹೇಳಿದರು, "ಕಚ್ಚಿದೆಯೋ ಇಲ್ಲವೋ ಯಾರೂ ಹೇಳಕ್ಕಾಗಲ್ಲ ಅಮ್ಮ. ಕಚ್ಚಿದೆ ಅಂತಲೇ ಅಂದುಕೊಂಡು ಮಾಡೋಣ. ಇನ್ನೊಂದು ಸಲ ಪೂರ್ತಿ ಕಾಲು ಗಂಟೆ ತೊಳೀರಿ. ತೋಳಿಗೆ ಲಸಿಕೆ, ಒಟ್ಟು ನಾಲ್ಕು ಸಲ ಬರಬೇಕು. ಇವತ್ತು ಸೀರಮ್ ಕೂಡ, ಅದನ್ನ ಗಾಯದೊಳಕ್ಕೇ ಹಾಕಬೇಕು. ಹಸಿಯಾಗಿರೋ ಬಿರುಕಿಗೆಲ್ಲ ಹಾಕ್ತೀನಿ. ನೋವಾಗುತ್ತೆ."

"ತಡ ಆಯ್ತಾ?"

"ಬಂದಿರಲ್ಲ. ತಡ ಆಗಿಲ್ಲ."

"ಮಗೂನ ಮುಟ್ಟಬಹುದಾ?"

"ಮುಟ್ಟಿ. ಕೈಯಿಂದ ಕೈಗೆ ಬರೋದಲ್ಲ ಇದು."

ಸೂಜಿ ತೋರುಬೆರಳಿನ ಬದಿಗೆ ಹೋದಾಗ ಜಹೀದಾ ಕೂಗಿದಳು. ಸದ್ದು ಎಷ್ಟು ಜೋರಾಗಿತ್ತೆಂದರೆ ಮಗು ಎದ್ದು ಅತ್ತಿತು. ನೋಯುತ್ತಾ ಎಂದು ನರ್ಸು ಕೇಳಿದರು. "ಹೂಂ," ಎಂದಳು ಜಹೀದಾ. "ತುಂಬಾ."

ಅರ್ಧ ಗಂಟೆ ಕೂತು ಹೋಗಿ ಎಂದಿದ್ದರು. ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಫೋನು ಬಡಿದುಕೊಂಡಿತು. ಗಫಾರ್. ಬೆರಳು ಮಡಿಸಲಾಗುತ್ತಿರಲಿಲ್ಲ, ಮಹ್ವಿಶ್ ಫೋನನ್ನು ಅವಳ ಕಿವಿಗೆ ಹಿಡಿದಳು.

"ಎಲ್ಲಿದ್ದೀಯ ಆಪಾ? ಬೇಸಿನ್ ಖಾಲಿ ಬಿದ್ದೈತೆ, ಬೋರಮ್ಮ ಒಬ್ಳೇ ಒದ್ದಾಡ್ತಾ ಅವ್ಳೆ."

"ಆಸ್ಪತ್ರೆಲಿ ಇದ್ದೀನಿ ಭಾಯ್. ಆ ಬಾವಲೀನ ನಾನು ಮುಟ್ಟಿದ್ದೆ. ನೀವೆಲ್ಲ ಬರೋಕೆ ಮುಂಚೆ. ಇಲ್ಲ ಅಂತ ಸುಳ್ಳು ಹೇಳಿದೆ. ಈಗ ಇಂಜೆಕ್ಷನ್ ಆಯ್ತು."

ಆ ಕಡೆ ಶೆಡ್ಡಿನ ಯಂತ್ರಗಳ ಸದ್ದು ಕೇಳುತ್ತಿತ್ತು. ಮೆಲ್ಲಗೆ ಆ ಸದ್ದು ದೂರವಾಯಿತು, ಅವನು ಹೊರಗೆ ನಡೆದು ಬಂದಿರಬೇಕು.

"ಭಾಯ್?"

"ಆ ಡಾಕ್ಟ್ರು ಎಷ್ಟೊತ್ತಿನ ತನಕ ಇರ್ತಾರೆ?" ಗಫಾರನ ದನಿ ಇಳಿದಿತ್ತು.

"ಯಾಕೆ?"

"ನಿನ್ನೆ ಬಾಯ್ಲರ್ ಹಚ್ಚೋಕೆ ಬಂದಾಗ ನೀರಿನ ತೊಟ್ಟೀಲಿ ಏನೋ ತೇಲ್ತಾ ಇತ್ತು. ಇಲಿ ಅಂದ್ಕೊಂಡೆ. ಕೈ ಹಾಕಿ ಎತ್ತಿ ನಿನ್ನ ಬೇಸಿನ್ ಕಡೆ ಎಸೆದುಬಿಟ್ಟೆ. ಅದೇ ಅದು." ಅವನು ಉಸಿರೆಳೆದುಕೊಂಡ. "ಹೆಬ್ಬೆರಳಿಗೆ ಏನೋ ತಾಗಿತ್ತು ಆಪಾ. ನಿನ್ನೆಯಿಂದ ಅದನ್ನೇ ನೋಡ್ತಾ ಇದ್ದೀನಿ. ಮನೇಲಿ ಹೇಳಿಲ್ಲ."

ಜಹೀದಾ ಕಣ್ಣು ಮುಚ್ಚಿಕೊಂಡಳು. ಬೆರಳುಗಳು ಒಂದೊಂದೂ ಬೇರೆ ಬೇರೆಯಾಗಿ ಬಡಿದುಕೊಳ್ಳುತ್ತಿದ್ದವು.

"ಸೋಪು ಹಾಕಿ ತೊಳ್ಕೊಳ್ಳಿ ಭಾಯ್. ನಲ್ಲಿ ಕೆಳಗೆ, ಕಾಲು ಗಂಟೆ, ಗಡಿಯಾರ ನೋಡ್ಕೊಂಡು. ಯಾರು ಕೂಗಿದ್ರೂ ನಿಲ್ಲಿಸಬೇಡಿ. ಆಮೇಲೆ ಸೀದಾ ಬನ್ನಿ. ನೀವು ಬರೋವರೆಗೂ ನಾನು ಇಲ್ಲೇ ಕೂತಿರ್ತೀನಿ."